ಎಲ್ಲವೂ ಒಂದನೆಯದೇ

ಹರಿಹರ ಸ್ಟೇಷನ್ನಿನಲ್ಲಿ ಕೊಂಡ ಮಿರ್ಚಿಯ ಪೊಟ್ಟಣ ಬಿಚ್ಚಿದರೆ, ಕಾಗದ ಯಾವುದೋ ಸಂಘದ ವರದಿಯ ಹಾಳೆ. ಎಣ್ಣೆಯ ಕಲೆಯ ನಡುವೆ ‘ಈ ವರ್ಷದ ಮುಖ್ಯ ಕೆಲಸ’ ಎಂಬ ತಲೆಬರಹ. ಅದರ ಕೆಳಗೆ ಒಂಬತ್ತು ಸಾಲು. ಮುಖ್ಯವಾದದ್ದು ಒಂಬತ್ತಿರುತ್ತದೆಯೇ ಎಂದು ನೀವು ಕೇಳುತ್ತೀರಿ. ದಾವಣಗೆರೆಯ ನಮ್ಮ ಮಹಿಳಾ ಸಮಾಜದಲ್ಲಿ ಯಾರೂ ಕೇಳುತ್ತಿರಲಿಲ್ಲ.

ಬಿ.ಎ. ಮುಗಿಸಿ ಊರಿಗೆ ಬಂದ ವರ್ಷ ನನ್ನನ್ನು ಅದರ ಕಾರ್ಯದರ್ಶಿ ಮಾಡಿದರು. ನನ್ನ ಅಕ್ಷರ ದುಂಡಗಿತ್ತು, ಮಾತು ಕಡಿಮೆ. ಅಂಥವರನ್ನು ಕಂಡರೆ ಸಮಾಜಗಳಿಗೆ ಬಲು ಪ್ರೀತಿ. ಹತ್ತಿ ಗಿರಣಿಯ ಗೇಟಿನೆದುರು ನಮಗೊಂದು ಕೋಣೆಯಿತ್ತು. ಅಲ್ಲಿ ನಡೆಯಬೇಕಾದ ಒಂದೇ ಒಂದು ಕೆಲಸವನ್ನು ಆರಿಸಲು ಸಭೆ ಕರೆದಿದ್ದರು.

ಸಭೆಯ ಹಿಂದಿನ ದಿನ ಗಿರಣಿಗೆ ಕೆಲಸಕ್ಕೆ ಹೋಗುವ ಹಾಲಮ್ಮ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತಳು. “ನಮ್ ಕೂಸು ನೋಡ್ಕಳ್ಳೋ ಮುದುಕಿ ಕೊಕ್ಕನೂರಿಗೆ ಹೊಂಟಾಳ್ರಿ ಅಕ್ಕಾರೆ. ಆ ರೂಮಿನಾಗೆ ಕೂಸು ಬಿಡಾಕ ಜಾಗ ಆದ್ರೆ ನನ್ ಕೆಲಸ ಉಳಿತೈತೆ. ಇಲ್ಲಂದ್ರೆ ಇಲ್ಲ.”

ಸಭೆಯಲ್ಲಿ ಹೇಳುತ್ತೇನೆ ಎಂದೆ. ಹೇಳಿದೆ ಕೂಡ, ಒಂದು ಸಲ, ಮೆಲ್ಲಗೆ. ಅಷ್ಟರಲ್ಲಿ ಮಂಡಕ್ಕಿ ಬಂತು. ಆಮೇಲೆ ಹಾರ್ಮೋನಿಯಂ, ಕಸೂತಿ, ಭಜನೆ, ಹಿಂದಿ ಪಾಠ. ಹಾರ್ಮೋನಿಯಂ ಬೇಕೆಂದವರು ಕಸೂತಿಯವರ ಬೀಗರು. ಭಜನೆಯವರು ಇಬ್ಬರಿಗೂ ನೆಂಟರು. ಅಧ್ಯಕ್ಷೆ ರುದ್ರಮ್ಮನವರು ಎಲ್ಲರ ಮುಖವನ್ನೂ ನೋಡಿದರು.

“ಒಂದನ್ನೇ ಆರಿಸಿದ್ರೆ ಉಳಿದೋರ ಮನಸಿಗೆ ನೋವಾಗತೈತೆ. ನಾಳೆ ಮದುವಿ ಮನಿಯಾಗೆ ಮಾರಿ ಹೆಂಗೆ ತೋರಿಸೋದು? ಎಲ್ಲಾನೂ ಒಂದನೇದು ಅಂತ ಬರ್ಕಳ್ರಿ. ದಿನ ಹಂಚಿಬಿಡ್ರಿ.”

ಬರೆದುಕೊಂಡೆ. ಐದು ಸಾಲು; ಪ್ರತಿ ಸಾಲಿನ ಮುಂದೆಯೂ ಒಂದು ಎಂಬ ಅಂಕಿ. ಸೋಮವಾರ ಹಾರ್ಮೋನಿಯಂ. ಕೂಸುಗಳಿಗೆ ಗುರುವಾರ. ಒಳಗೊಳಗೇ ನಕ್ಕೆನೇ ಹೊರತು ಬಾಯಿ ಬಿಡಲಿಲ್ಲ. ಮೂರ್ಖರನ್ನು ಮನಸ್ಸಿನಲ್ಲೇ ಹೀಯಾಳಿಸಿಬಿಟ್ಟರೆ ಓದಿದವರ ಕರ್ತವ್ಯ ಮುಗಿಯಿತೆಂದು ಆಗ ತಿಳಿದಿದ್ದೆ.

ಸುದ್ದಿ ಕೇಳಿ ಹಾಲಮ್ಮ ಕೂಸನ್ನು ಸೊಂಟಕ್ಕೆ ಏರಿಸಿಕೊಂಡಳು. “ಗುರುವಾರ ಬಿಟ್ಟು ಬ್ಯಾರೆ ದಿನ ಅಳಬ್ಯಾಡ ಅಂತ ನಮ್ ಕೂಸಿಗೂ ಒಂದು ಚೀಟಿ ಬರ್ಕೊಡ್ರಿ ಅಕ್ಕಾರೆ. ನಿಮ್ ಅಕ್ಷರ ಚೆಂದ ಅದಾವಂತಲ್ಲ.”

ಆ ತಿಂಗಳೇ ಅವಳ ಕೆಲಸ ಹೋಯಿತು. ಭಾನುವಳ್ಳಿಯ ಗದ್ದೆಗಳಿಗೆ ಕೂಲಿಗೆ ಹೋಗುತ್ತಾಳೆ, ಕೂಸನ್ನು ಬದುವಿನ ಮೇಲೆ ಮಲಗಿಸುತ್ತಾಳೆ ಎಂದು ಆಮೇಲೆ ಕೇಳಿದೆ. ಹಾರ್ಮೋನಿಯಂ ಎರಡು ಸೋಮವಾರ ನುಡಿಯಿತು.

ಈಗ ಹರಿಹರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮೊನ್ನೆ ಇಲ್ಲಿಯೂ ಸಭೆ: ವಾರ್ಷಿಕೋತ್ಸವಕ್ಕೆ ವೆಲ್ವೆಟ್ ಪರದೆ ಮೊದಲೋ, ಹುಡುಗಿಯರಿಗೆ ಕಕ್ಕಸು ಮೊದಲೋ. ಎರಡೂ ಮೊದಲೇ ಇರಲಿ ಎಂದರು ಹಿರಿಯರೊಬ್ಬರು. ನಾನು ಎದ್ದು ನಿಂತು, ಪರದೆ ಬೇಡ ಎಂದೆ. ಯಾಕೆಂದು ಕೇಳಿದಷ್ಟು ಸಲವೂ ಹೇಳಿದೆ, ಕಡೆಕಡೆಗೆ ಒರಟಾಗಿ. ಇಬ್ಬರು ಸಹೋದ್ಯೋಗಿಗಳು ನನ್ನೊಡನೆ ಮಾತು ಬಿಟ್ಟಿದ್ದಾರೆ. ಕಕ್ಕಸಿನ ಗುಂಡಿ ತೋಡುವವರು ನಾಡಿದ್ದು ಬರುತ್ತಾರೆ.

ಹಾಲಮ್ಮನಿಗೆ ಇದರಿಂದ ಏನೂ ಸಿಕ್ಕಲಿಲ್ಲ.