ಚಂದ್ರನಲ್ಲಿ ಇದ್ದ ಬಣ್ಣ

ಆಗೆಲ್ಲ ಬೇಸಿಗೆ ರಜೆ ಎಂದರೆ ನಮಗೆ ಹಲಸಿನ ಹಪ್ಪಳದ ಕಾಲ. ಆದರೆ ನಾನು ಆರನೇ ಕ್ಲಾಸು ಮುಗಿಸಿದ ವರ್ಷ ಹಪ್ಪಳ ಕಾಯಲು ಜೊತೆಗೆ ಯಾರೂ ಇರಲಿಲ್ಲ. ಅಮ್ಮನನ್ನು ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಅಪ್ಪ ಅವಳ ಹತ್ತಿರ ಇದ್ದರು. ಹೂಡೆಯ ನಮ್ಮ ಮನೆಗೆ ಬೀಗ ಹಾಕಿ ನನ್ನನ್ನು ಕುಕ್ಕುಂದೂರಿನ ದೊಡ್ಡಮ್ಮನ ಮನೆಯಲ್ಲಿ ಬಿಟ್ಟಿದ್ದರು. ದೊಡ್ಡಮ್ಮನಿಗೆ ಮಕ್ಕಳಿಲ್ಲ. ಬೀಡಿ ಕಟ್ಟಲು ಕೂತರೆ ಮಾತೂ ಇಲ್ಲ. ಮನೆ ತುಂಬ ಹೊಗೆಸೊಪ್ಪಿನ ವಾಸನೆ. ನಾನು ತಾರಸಿಯಲ್ಲಿ ಕಾಗೆ ಓಡಿಸುತ್ತ, ಕಲ್ಲಾಟದಲ್ಲಿ ಇಬ್ಬರ ಆಟವನ್ನೂ ನಾನೇ ಆಡುತ್ತ, ಸೋತವಳ ಮೇಲೆ ನಾನೇ ಸಿಟ್ಟಾಗುತ್ತಿದ್ದೆ.

ಪಕ್ಕದ ಮನೆಯ ಸುಧಾಕರಣ್ಣನಿಗೆ ಕಾರ್ಕಳದಲ್ಲಿ ಸ್ಟುಡಿಯೋ ಇತ್ತು. ಒಂದು ಸಂಜೆ ನಾನು ಚಾಪೆ ಸುತ್ತುವಾಗ ಅವರು ತಮ್ಮ ತಾರಸಿಯಲ್ಲಿ ಉದ್ದ ಲೆನ್ಸಿನ ಹೊಸ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸುಮ್ಮನೆ ಕೂತಿದ್ದರು. ತೆಂಗಿನ ಮರಗಳ ಹಿಂದೆ ಹುಣ್ಣಿಮೆಯ ಚಂದ್ರ ಕೆಂಪಗೆ ಏಳುತ್ತಿದ್ದ.

"ತೆಗೆಯುದಿಲ್ವಾ?" ಎಂದೆ.

"ಈಗ ಬೇಡ. ಈ ಕೆಂಪು ಅವನದ್ದಲ್ಲ, ಧೂಳಿನದ್ದು. ಸ್ವಲ್ಪ ಮೇಲೆ ಬರಲಿ."

ಊಟಕ್ಕೆ ಮೊದಲೇ ಚಂದ್ರ ಬೆಳ್ಳಗಾದ. ಒಂದರ ಹಿಂದೆ ಒಂದು ನಲವತ್ತು ಫೋಟೋ ತೆಗೆದರು.

ಮರುದಿನ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅವನ್ನೆಲ್ಲ ಒಂದರ ಮೇಲೊಂದು ಕೂಡಿಸಿ ಬಣ್ಣವನ್ನು ತುಸುತುಸುವೇ ಏರಿಸಿದರು. ಬೂದಿಯಂತಿದ್ದ ಚಂದ್ರನಲ್ಲಿ ಒಂದು ಕಡೆ ತೆಳು ನೀಲಿ, ಇನ್ನೊಂದು ಕಡೆ ಗೋಡೆ ಕಟ್ಟುವ ಮುರಕಲ್ಲಿನ ಕಂದು ಎದ್ದು ಬಂತು. ನನಗೆ ನಂಬಿಕೆ ಬರಲಿಲ್ಲ. ಮದುವೆ ಆಲ್ಬಮ್ಮಿನಲ್ಲಿ ಮದುಮಕ್ಕಳ ಹಿಂದೆ ಹಿಮದ ಬೆಟ್ಟ ಅಂಟಿಸುವವರು ಇವರೇ ಅಲ್ವಾ?

"ನೀವು ಬಣ್ಣ ಹಾಕಿದ್ದು."

"ಇಲ್ಲ ಮಾರಾಯ್ತಿ. ಅಲ್ಲಿಯ ಮಣ್ಣು ಒಂದೊಂದು ಕಡೆ ಒಂದೊಂದು ನಮೂನೆ ಉಂಟು. ಇದ್ದದ್ದನ್ನೇ ಸ್ವಲ್ಪ ಜೋರು ಮಾಡಿದ್ದು ಅಷ್ಟೇ."

ಆದಿತ್ಯವಾರ ಬಂದ ಅಪ್ಪನ ಕೈಯಲ್ಲಿ ಅಮ್ಮನಿಗೆ ಒಂದು ಪ್ರಿಂಟ್ ಕಳಿಸಿದೆ. ಮುಂದಿನ ವಾರ ಅಪ್ಪ, "ಅದು ಎಂತದ್ದು ಅಂತ ನೀನೇ ಬಂದು ಹೇಳಬೇಕಂತೆ" ಎಂದು ನನ್ನನ್ನು ಬಸ್ಸಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದರು.

ಅಮ್ಮನ ಕಣ್ಣು, ಕೈ, ಉಗುರು ಎಲ್ಲ ಹಳದಿಯಾಗಿತ್ತು. ನಾನು ಬಾಗಿಲಲ್ಲೇ ನಿಂತೆ. ಅವಳು ಮಂಚ ತಟ್ಟಿ ಕರೆದು ದಿಂಬಿನ ಪಕ್ಕದಿಂದ ಪ್ರಿಂಟ್ ತೆಗೆದಳು.

"ಈ ನೀಲಿ ನಿಜವಾಗಿ ಉಂಟಾ?"

"ಉಂಟು. ನಮ್ಮ ಕಣ್ಣಿಗೆ ಕಾಣುದಿಲ್ಲ."

"ಮತ್ತೆ ಈ ಕಂದು?"

ನಾನು ಹೇಳುತ್ತಲೇ ಹೋದೆ. ಎಷ್ಟೋ ದಿನದ ಮಾತೆಲ್ಲ ಹೊರಗೆ ಬಂತು. ಅಮ್ಮ ಒಮ್ಮೆಯೂ ತಡೆಯಲಿಲ್ಲ. ಹೊರಡುವಾಗ, "ಮುಂದಿನ ಹುಣ್ಣಿಮೆಗೆ ಸುಧಾಕರನನ್ನು ಹೂಡೆಗೆ ಕರೆಯುವ. ನಾನೂ ನೋಡಬೇಕು" ಎಂದಳು. ಬಸ್ಸಿನಲ್ಲಿ ನಾನು ಅಂದುಕೊಂಡೆ: ಈ ಹಳದಿ ಅಮ್ಮನದ್ದಲ್ಲ. ನಾಲ್ಕು ದಿನ ಹೋದರೆ ಸರಿಯಾಗುತ್ತದೆ.

ಮುಂದಿನ ಹುಣ್ಣಿಮೆಗೆ ಅಮ್ಮ ಇರಲಿಲ್ಲ. ಶಾಲೆ ಶುರುವಾಗಿತ್ತು. ಮೋಡ ಕವಿದು ಚಂದ್ರನೂ ಕಾಣಲಿಲ್ಲ.

ಈಗ ಫೋನನ್ನು ಆಕಾಶಕ್ಕೆ ಹಿಡಿದರೆ ಸಾಕು, ಅದು ತಾನೇ ಎಲ್ಲ ತಿದ್ದಿ ಕೊಡುತ್ತದೆ. ಅಮ್ಮನ ಮುಖ ಫೋಟೋಗಳಲ್ಲಿ ಉಂಟು. ಅವಳ ಸ್ವರ ಮಾತ್ರ ನನಗೆ ನೆನಪಾಗುವುದಿಲ್ಲ. ಹೋದ ವರ್ಷ ಸುಧಾಕರಣ್ಣನ ಹಳೆಯ ಸಿಡಿಗಳಲ್ಲಿ ಕಾಪುವಿನ ನೆಂಟರ ಮದುವೆಯ ವಿಡಿಯೋ ಸಿಕ್ಕಿತು. ಊಟದ ಸಾಲಿನಲ್ಲಿ ಅಮ್ಮ ಪಕ್ಕದವರ ಕಡೆ ತಿರುಗಿ ಏನೋ ಉದ್ದಕ್ಕೆ ಹೇಳಿ ನಗುತ್ತಾಳೆ. ಮಾತು ಕೇಳುವುದಿಲ್ಲ, ವಿಡಿಯೋದ ಉದ್ದಕ್ಕೂ ನಾಗಸ್ವರ ಹಾಕಿದ್ದಾರೆ.

"ಇದನ್ನು ತೆಗೆದು ಅಮ್ಮನ ಮಾತು ಕೇಳಿಸಲಿಕ್ಕೆ ಆಗ್ತದಾ?" ಎಂದು ಕೇಳಿದೆ.

ಸುಧಾಕರಣ್ಣ ವಿಡಿಯೋ ನಿಲ್ಲಿಸಿದರು. "ಆಗ ನಾವು ಮಾತು ಇಡ್ತಾ ಇರ್ಲಿಲ್ಲ. ಅಳಿಸಿಯೇ ನಾಗಸ್ವರ ಹಾಕುದು" ಎಂದರು.