ಕೋರ್ಟಿನಲ್ಲಿ ಅಂದ ತಪ್ಪಾಯ್ತು

ನನಗೆ ಕೋಪ ಮೂಗಿನ ತುದಿಯಲ್ಲೇ. ಶ್ರೀರಂಗಪಟ್ಟಣದ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿ ದುಡಿದರೂ ತಾಳ್ಮೆ ಅನ್ನುವುದು ನನ್ನ ಹತ್ತಿರ ಸುಳಿಯಲಿಲ್ಲ. ಕಾಗದಪತ್ರ ಬಲ್ಲವನು ಅಂತ ನೆಂಟರೆಲ್ಲ ನನ್ನನ್ನು ನಂಬಿದ್ದರು. ನಾನೂ ನಂಬಿದ್ದೆ, ಅದೇ ಬಂದ ಗ್ರಹಚಾರ. ನನ್ನ ತಂಗಿಯ ಕೆಲಸ ಹೋದದ್ದು ಆ ನಂಬಿಕೆಯಿಂದ.

ನಮ್ಮದು ದೇವಲಾಪುರದ ಕಡೆಯ ಊರು, ರಾಗಿ ಹುರುಳಿಯ ನೆಲ. ತಂಗಿಯನ್ನು ನಾಲೆ ನೀರಿರುವ ಕಡೆ, ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿಗೆ ಕೊಟ್ಟೆವು. ಅವಳು ಅಲ್ಲಿಂದ ಬಸ್ಸಿನಲ್ಲಿ ಪಾಂಡವಪುರಕ್ಕೆ ಹೋಗಿ, ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲೊಂದರಲ್ಲಿ ದಿನಗೂಲಿಗೆ ಅಡುಗೆ ಮಾಡುತ್ತಿದ್ದಳು. ಇವತ್ತಲ್ಲ ನಾಳೆ ಕಾಯಂ ಆಗುತ್ತದೆ ಅಂತ ಅವಳ ಆಸೆ. ಬೇರೆ ಯಾವ ಆಸೆಯನ್ನೂ ಅವಳು ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ.

ಒಂದು ಸಂಜೆ ಅವಳ ಗಂಡನಿಗೂ ಪಕ್ಕದ ಗದ್ದೆಯವರಿಗೂ ನೀರಿನ ಸರದಿಯ ವಿಷಯಕ್ಕೆ ಜಗಳವಾಯಿತು. ತಳ್ಳಾಟದಲ್ಲಿ ಆ ಮನೆಯ ಹೆಂಗಸು ಕಾಲುವೆ ಏರಿಯ ಮೇಲೆ ಬಿದ್ದು ಮೊಣಕೈ ತರಚಿಕೊಂಡರು. ಸ್ಟೇಷನ್ನಿಗೆ ದೂರು ಹೋಯಿತು. ದೂರು ಕೊಡುವುದಕ್ಕೂ ನಮ್ಮ ಕಡೆ ಒಂದು ರೂಢಿಯಿದೆ. ಕೈ ಮಾಡಿದವನು ಒಬ್ಬನೇ ಆದರೂ ಮನೆಮಂದಿಯ ಹೆಸರೆಲ್ಲ ಬರೆಸಬೇಕು. "ಎಲ್ಲಾರ್ ಎಸ್ರೂ ಸೇರ್ಸಿ ಸಾ, ಬುದ್ದಿ ಬರ್ಲಿ" ಅಂತ. ಹಾಗಾಗಿ ಗಂಡ ಒಂದನೇ ಆರೋಪಿ, ತಂಗಿ ಎರಡನೆಯವಳು. ಆ ಹೊತ್ತಿನಲ್ಲಿ ಅವಳು ಹಾಸ್ಟೆಲಿನ ಮಕ್ಕಳಿಗೆ ಮುದ್ದೆ ಕಟ್ಟುತ್ತಿದ್ದಳು!

ಹೊಡೆದದ್ದು, ಬೈದದ್ದು, ಬೆದರಿಸಿದ್ದು ಅಂತ ಮೂರು ಆರೋಪ ಹೊತ್ತು ಚಾರ್ಜ್‌ಶೀಟು ಬರುವ ವೇಳೆಗೆ ಊರಿನಲ್ಲಿ ಜಗಳವೇ ತಣ್ಣಗಾಗಿತ್ತು. ಹಿರಿಯರು ಎರಡೂ ಮನೆಯವರನ್ನು ಅರಳಿಕಟ್ಟೆಯ ಮೇಲೆ ಕೂರಿಸಿದರು. ಅಲ್ಲಿ ಯಾರದು ಸರಿ, ಯಾರದು ತಪ್ಪು ಅಂತ ಕೆದಕುವುದಿಲ್ಲ. ಎಲ್ಲರೂ "ತಪ್ಪಾಯ್ತು, ಬುಡಿ" ಅನ್ನಬೇಕು. ತಪ್ಪು ಮಾಡದವರೂ ಅನ್ನಬೇಕು, ಅದು ಹಿರಿಯರಿಗೆ ಕೊಡುವ ಮರ್ಯಾದೆ. ತಂಗಿಯೂ ಅಂದಳು. ಆ ಮನೆಯವರೂ ಅಂದರು. ಕಾಫಿ ಕುಡಿದು ಎದ್ದರು.

ಆದರೆ ಕೋರ್ಟಿನ ಕೇಸು ಎದ್ದು ಹೋಗಲಿಲ್ಲ. ಮೂರು ವಾಯಿದೆಗೆ ನಾನೇ ಕಚೇರಿಗೆ ರಜೆ ಹಾಕಿ ಜೊತೆಗೆ ಹೋದೆ. ನಾಲ್ಕನೆಯ ದಿನ ನಮ್ಮ ವಕೀಲರು, ವಯಸ್ಸಾದವರು, ಕೋರ್ಟಿನ ಜಗಲಿಯಲ್ಲಿ ನಿಂತು ಬಿಡಿಸಿ ಹೇಳಿದರು: "ರಾಜಿ ಆಗಿದೆ ಅಂತೀರಿ, ಸರಿ. ಪೆಟ್ಟು ತಿಂದ ಹೆಂಗಸನ್ನ ಕರ್ಕೊಂಡು ಬನ್ನಿ, ಇಬ್ಬರೂ ಸೇರಿ ರಾಜಿ ಅರ್ಜಿ ಹಾಕಿದರೆ ಬಿಡುಗಡೆ ಆದ ಹಾಗೇ. ಇಲ್ಲದಿದ್ದರೆ ತಪ್ಪಿಲ್ಲ ಅಂತ ಹೇಳಿ ಕೇಸು ನಡೆಸೋಣ. ಸಾಬೀತು ಮಾಡೋ ಭಾರ ಅವರದ್ದು. ನಿಮ್ಮ ತಂಗಿಯವರು ಆ ಜಾಗದಲ್ಲೇ ಇರಲಿಲ್ಲವಲ್ಲ."

ಆ ಹೆಂಗಸು ಮಗಳ ಬಾಣಂತನಕ್ಕೆ ಕೆ.ಆರ್.ಪೇಟೆಗೆ ಹೋಗಿದ್ದರು. ಬರುವುದಕ್ಕೆ ಎರಡು ತಿಂಗಳಾಗುತ್ತಿತ್ತು. ಇನ್ನೂ ಎಷ್ಟು ಸಲ ಅಲೆಯುವುದು ಅಂತ ನನಗೆ ಸಿಟ್ಟು ನೆತ್ತಿಗೇರಿತು.

"ತಪ್ಪು ಒಪ್ಕೊಂಡ್‌ಬುಟ್ರೆ?" ಅಂದೆ.

"ಇವತ್ತೇ ಮುಗಿಯುತ್ತೆ, ದಂಡ ಹಾಕಿ ಕಳಿಸ್ತಾರೆ. ಆದರೆ ಶಿಕ್ಷೆ ಅಂತ ದಾಖಲೆಯಲ್ಲಿ ಉಳಿಯುತ್ತೆ. ಇವರಿಗೆ ಸರ್ಕಾರಿ ಕೆಲಸ ಏನಾದರೂ ಇದೆಯಾ?"

"ದಿನಗೂಲಿ ಸಾರ್. ಅದ್ಯಾವ ಸೀಮೆ ಸರ್ಕಾರಿ ಕೆಲ್ಸ!"

ಹಾಗೆ ಅಂದವನು ನಾನೇ. ಪಕ್ಕದಲ್ಲಿ ನಿಂತಿದ್ದ ಅವಳಿಗೆ ಆ ಮಾತು ಹೇಗೆ ಕೇಳಿಸಿತೋ. ವಕೀಲರು ಒಳಗೆ ಹೋದ ಮೇಲೆ ಅವಳು ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಒಳಗೆ ಹಾಸ್ಟೆಲಿನ ಹಾಜರಿ ಪುಸ್ತಕದ ಜೆರಾಕ್ಸು ಇತ್ತು. ಜಗಳದ ದಿನದ ಸಂಜೆಗೆ ಅವಳ ಸಹಿ, ಕೆಳಗೆ ವಾರ್ಡನ್ನರ ಸೀಲು.

"ಅಣ್ಣಯ್ಯ, ಮೇಡಮ್ಮು ಸೀಲ್ ಆಕ್ಕೊಟ್ಟವ್ರೆ. ಒಂದ್ಸಲಿ ತೋರ್ಸಾನ?"

"ಒಳಗಿಟ್ಕಳವ್ವ, ಸುಮ್ಕಿರು. ಕಟ್ಟೆ ಮ್ಯಾಲೆ ಅಂದ್ಯಲ್ಲ, ಇಲ್ಲೂ ಅಂಗೇ ಅಂದ್ಬುಡು. ಸಂಜೆ ಬಸ್ಸಿಗೆ ಮನೆ ಸೇರ್ಕಬೋದು."

ನ್ಯಾಯಾಧೀಶರು ಆರೋಪಗಳನ್ನು ಓದಿದರು. ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೀರಾ ಅಂತ ಎರಡು ಸಲ ಕೇಳಿದರು. ಎರಡನೆಯ ಸಲ ಅವಳು ತಿರುಗಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. "ತಪ್ಪಾಯ್ತು ಸ್ವಾಮಿ" ಅಂದಳು. ಪಕ್ಕದಲ್ಲಿ ನಿಂತಿದ್ದ ಅವಳ ಗಂಡನೂ ಅದನ್ನೇ ಅಂದ. ದಂಡ ಕಟ್ಟಿ ಹೊರಗೆ ಬಂದು ಮೂವರೂ ಹೋಟೆಲಿನಲ್ಲಿ ದೋಸೆ ತಿಂದೆವು. ಏನೋ ದೊಡ್ಡ ಕೆಲಸ ಸಾಧಿಸಿದವನ ಹಾಗೆ ನಾನು ಎರಡನೇ ಕಾಫಿ ತರಿಸಿದೆ.

ಎರಡು ವರ್ಷವಾದ ಮೇಲೆ ಕಾಯಂ ಮಾಡುವವರ ಪಟ್ಟಿ ಬಂತು. ತಂಗಿಯ ಹೆಸರಿತ್ತು. ಫೋನು ಮಾಡಿ ಅತ್ತಳು, ಖುಷಿಗೆ. ಮಕ್ಕಳಿರುವ ಜಾಗವಾದ್ದರಿಂದ ಪೊಲೀಸ್ ವರದಿ ಬೇಕಾಗಿತ್ತು. ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾಗಿದೆ ಅಂತ ಒಂದು ಸಾಲು ಬಂತು. ಕಾಯಂ ಹೋಯಿತು, ಅದರ ಹಿಂದೆಯೇ ದಿನಗೂಲಿಯೂ ಹೋಯಿತು. ಅವಳು ನಿರಪರಾಧಿ ಅಂತ ಸಾಕ್ಷಿ ಹೇಳಬಹುದಾಗಿದ್ದ ಹಾಜರಿ ಪುಸ್ತಕದಲ್ಲಿ ಈಗ ಅವಳ ಹೆಸರೇ ಇಲ್ಲ.

ಅದೇ ವಕೀಲರ ಹತ್ತಿರ ಓಡಿದೆ. ಜೆರಾಕ್ಸನ್ನು ಅವರು ತುಂಬ ಹೊತ್ತು ನೋಡಿದರು. "ಇದು ಅವತ್ತೇ ನನ್ನ ಕೈಗೆ ಬರಬೇಕಿತ್ತು ಮಾರಾಯರೇ. ತಾವೇ ಒಪ್ಪಿಕೊಂಡ ಮೇಲೆ ಅಪೀಲು ನಿಲ್ಲೋದು ಕಷ್ಟ" ಅಂದರು. ಉಗಿದು ಕಳಿಸಿದ್ದರೆ ಚೆನ್ನಾಗಿತ್ತು. ಉಗಿಯಲಿಲ್ಲ.

ಯಾರ ಯಾರದೋ ಅರ್ಜಿಗಳಲ್ಲಿ ಒಂದು ದಾಖಲೆ ಕಡಿಮೆ ಅಂತ ವಾಪಸ್ಸು ಕಳಿಸಿದವನು ನಾನು. ಸ್ವಂತ ತಂಗಿ ದಾಖಲೆ ಕೈಯಲ್ಲಿ ಹಿಡಿದು ನಿಂತಾಗ ಒಳಗಿಟ್ಟುಕೋ ಅಂದೆ. ಥೂ, ನನ್ನ ಬುದ್ಧಿಗಿಷ್ಟು!

ಮೊನ್ನೆ ಅವಳ ಮನೆಗೆ ಹೋದೆ. ಅವಳು ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು, ಮನೆಯ ಮೂರು ಜನರ ಸಾರಿಗೆ ಆಗುವಷ್ಟು. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಒಂದೇ. "ನಂದು ತಪ್ಪಾಯ್ತು ಕಣವ್ವ."

ಅವಳು ತಲೆ ಎತ್ತಿ ನಕ್ಕಳು.

"ಬುಡಣ್ಣಯ್ಯ. ಇದೇನ್ ಕೋರ್ಟಾ, ನೀನಂದಿದ್ನ ಬರ್ಕೊಂಡು ಮಡಿಕ್ಕೊಳಕೆ?"