ಟೀವಿಯೊಳಗಿನವನ ಪುಸ್ತಕ

ಆಗ ದಡ್ಡಿ ಊರಿನ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಟೀವಿ, ಅದೂ ಕಿರಾಣಿ ಅಂಗಡಿಯ ಹಸೀನಾ ಚಾಚಿಯ ಮನಿಯಾಗ. ರವಿವಾರ ಮುಂಜಾನೆ ಅಲ್ಲಿ ಕಾಲಿಡಾಕ ಜಾಗ ಇರುತ್ತಿರಲಿಲ್ಲ. ಚಪ್ಪಲಿ ಹೊರಗ, ಮಂದಿ ಒಳಗ. ಬೆವರು, ಕೊಬ್ಬರಿ ಎಣ್ಣಿ, ಒಲಿಮ್ಯಾಲಿನ ಚಹಾ, ಎಲ್ಲಾ ವಾಸನಿ ಕೂಡಿ ಬರುತ್ತಿತ್ತು. ನಾನು ಅತ್ತಿಯ ಕೂಸನ್ನು ಬಗಲಾಗ ಇಟ್ಟುಕೊಂಡು ಹೊಸ್ತಿಲ ಹತ್ತಿರ ನಿಲ್ಲುತ್ತಿದ್ದೆ. ಕೂಸು ಅತ್ತರೆ ಹೊರಗ ಹೋಗಾಕ ಅನುಕೂಲ.

ಅವ್ವ ಸತ್ತ ಮ್ಯಾಲೆ ಅಪ್ಪ ನನ್ನನ್ನು ತನ್ನ ಅಕ್ಕನ, ಅಂದರ ಈ ಅತ್ತಿಯ, ಮನಿಯಾಗ ಬಿಟ್ಟು, ಸಂಕೇಶ್ವರದ ಕಡೆ ಕಬ್ಬು ಕಡಿಯುವ ಗ್ಯಾಂಗಿನ ಜೊತಿ ಹೋಗಿದ್ದ. "ಹಂಗಾಮ ಮುಗೀಲಿ, ಕರಕೊಂಡು ಹೋಗ್ತೀನಿ" ಅಂದಿದ್ದ. ಮೂರನೇ ಇಯತ್ತೆಗೇ ಸಾಲಿ ಬಿಡಿಸಿದ್ದರು. ಅತ್ತಿ ಕೆಟ್ಟಾಕಿ ಅಲ್ಲ. ಹೊಟ್ಟಿಗೆ ಹಾಕುತ್ತಿದ್ದಳು, ಮಾತಾಡುತ್ತಿರಲಿಲ್ಲ, ಅಷ್ಟ.

ರವಿವಾರ ಬರುತ್ತಿದ್ದ ಆ ಸೀರಿಯಲ್ಲಿನಾಗ ಒಬ್ಬಾವ ಕಾಲದಾಗ ಹಿಂದ ಮುಂದ ಓಡಾಡುತ್ತಿದ್ದ. ಖುರ್ಚಿ ಮ್ಯಾಲೆ ಕುಂತು ಒಂದು ಗುಂಡಿ ಒತ್ತಿದರೆ ರಾಜರ ಕಾಲ, ಮತ್ತೊಂದು ಒತ್ತಿದರೆ ಇನ್ನೂ ಬರದ ಕಾಲ. ಹಿಂದಿ ಮಾತು, ಚಾಚಿ ಕನ್ನಡದಾಗ ಬಿಡಿಸಿ ಹೇಳುತ್ತಿದ್ದರು. ಮಂದಿಗೆ ಕತ್ತಿ ಕಾಳಗ ಬೇಕು. ನನಗ ಬೇಕಾದದ್ದು ನಡುವಿನ ತುಣುಕು. ಯಾವ ಕಾಲಕ್ಕ ಹೋದರೂ ಅಂವಗ ಅಲ್ಲಿ ಗುರುತಿನವರು ಇರುತ್ತಿರಲಿಲ್ಲ. ಒಂದು ಮೂಲಿ ಹಿಡಿದು ಕುಂತು ಚೀಲದಿಂದ ಪುಸ್ತಕ ತೆಗೆಯುತ್ತಿದ್ದ. ರಾಜರ ಅರಮನಿಯಾಗ ದಪ್ಪ ಪುಸ್ತಕ. ಮುಂದಿನ ಕಾಲದಾಗ ಚಿತ್ರದ ಕಾಮಿಕ್ಸು, ಬೋರಲು ಮಲಗಿ, ಒಬ್ಬನೇ ನಗುತ್ತ.

"ಚಾಚಿ, ಅದರಾಗ ಏನ್ ಬರದೈತ್ರಿ?"

"ನನಗೇನ್ ಗೊತ್ತ ಬೇಟಿ, ಅಂವಾ ನನಗೇನ್ ತೋರಿಸಿ ಓದ್ತಾನೇನು?"

ಮಂದಿ ನಕ್ಕರು. "ಆ ಹುಡಿಗೀನ್ನ ಟೀವಿಯೊಳಗ ಹಾಕ್ರಿ, ನೋಡಿ ಬರ್ಲಿ" ಅಂದ ಒಬ್ಬ.

ಚಾಚಿ ಮಾತ್ರ ಮರೆಯಲಿಲ್ಲ. ಅಂಗಡಿಗೆ ಪೊಟ್ಟಣ ಕಟ್ಟಾಕ ರದ್ದಿ ಬರುತ್ತಿತ್ತು. ಅದರಾಗ ಕಾಮಿಕ್ಸಿನ ಹಾಳಿ ಸಿಕ್ಕರೆ ನನಗ ತೆಗೆದಿಡುತ್ತಿದ್ದರು. ಕೆಲವಕ್ಕ ಬೆಲ್ಲದ ಅಂಟು, ಕೆಲವಕ್ಕ ಶೇಂಗಾದ ಹೊಟ್ಟು. ಅತ್ತಿಯ ಕೌದಿ ಹೊಲಿಯುವ ಸೂಜಿ ತೊಗೊಂಡು, ಹಳೇ ಬಟ್ಟಿ ಕೂಡಿಸಿ ಕೌದಿ ಹೊಲಿದ ಹಂಗ ಅವನ್ನೂ ಕೂಡಿಸಿ ಹೊಲಿದೆ. ಅವು ಬ್ಯಾರೆ ಬ್ಯಾರೆ ಪುಸ್ತಕದ ಹಾಳಿ ಅನ್ನೋದು ನನಗ ಹೊಳೆಯಲೇ ಇಲ್ಲ. ಕೌದಿಯಾಗ ಇದು ಯಾರ ಸೀರಿ, ಇದು ಯಾರ ಧೋತರ ಅಂತ ಯಾರರ ಕೇಳತಾರೇನು? ಒಂದು ಹಾಳಿಯಾಗ ಸತ್ತ ರಾಜ ಮುಂದಿನ ಹಾಳಿಯಾಗ ಎದ್ದು ಕುಂತಿದ್ದ, ಅದೂ ಬ್ಯಾರೆ ಮೀಸಿ ಹಚ್ಚಿಕೊಂಡು. ಕಾಲದಾಗ ಓಡಾಡುವವನ ಪುಸ್ತಕ ಹಿಂಗ ಇರಬೇಕು ಅಂತ ತಿಳಿದೆ.

ತೋರಿಸಾಕ ಯಾರೂ ಇರಲಿಲ್ಲ. ಕೂಸಿಗೆ ತೋರಿಸಿದೆ, ಅದು ಅಂಚು ಜಗಿಯಿತು.

ಹಂಗಾಮ ಮುಗಿದ ಮ್ಯಾಲೆ ಅಪ್ಪ ಬಂದ. ಮೈಯೆಲ್ಲ ಕಬ್ಬಿನ ರವದಿಯ ವಾಸನಿ, ಕೈ ತುಂಬ ಆ ಒಣ ಎಲಿಯ ಗೀರು. ನಾನು ಹೊಲಿದ ಪುಸ್ತಕ ತೋರಿಸಿದೆ. ಅಪ್ಪಗ ಅಕ್ಷರ ಬರುತ್ತಿರಲಿಲ್ಲ. ಕಟ್ಟಿ ಮ್ಯಾಲೆ ಕುಂತು "ಓದವಾ, ಕೇಳ್ತೀನಿ" ಅಂದ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ.

"ಏ, ಈ ರಾಜ ಸತ್ತಿದ್ದನಲ್ಲ?"

"ಈಗ ಹಿಂದಿನ ಕಾಲಕ್ಕ ಬಂದೇವಪ್ಪಾ. ಅಂವಾ ಇನ್ನೂ ಸತ್ತಿಲ್ಲ."

ಅಪ್ಪ ಆ ರಾಜನ ಚಿತ್ರದ ಮ್ಯಾಲೆ ಬೆರಳು ಆಡಿಸಿದ. ಅವ್ವನ ಹೆಸರು ಇಬ್ಬರೂ ತೆಗೆಯಲಿಲ್ಲ. ಅಪ್ಪ "ಮುಂದ?" ಅಂದ. ಓದಿದೆ. ಮತ್ತ "ಮುಂದ?" ಅಂದ. ಕಡೆಯ ಹಾಳಿ ತನಕ ಹಂಗ ಕೇಳಿದ.

"ನಾಳೆ ನನ್ನ ಕರಕೊಂಡು ಹೋಗ್ತಿ, ಹೌದಿಲ್ಲಪ್ಪಾ?" ಅಂದೆ.

"ಬ್ಯಾರೆ ಕೂಲಿಗೆ ಹೊಂಟೀನಿ, ಅಲ್ಲಿ ನಿನ್ನ ನೋಡಾವ್ರು ಯಾರದಾರವಾ? ಇಲ್ಲೇ ಇರು."

ಮುಂಜಾನೆ ಬಸ್ಸಿಗೆ ಹೋದ. ಮದುವಿ ಆಗಿ ಅಂಕಲಗಿಗೆ ಬರೂತನಕ ನಾನು ಅಲ್ಲೇ ಇದ್ದೆ. ಅದರಿಂದ ನಾನೇನೂ ಸಾಯಲಿಲ್ಲ, ಬೆಳೆದೆ.

ಈಗ ನಮ್ಮ ಮನಿಯಾಗ ತಲಿಗೊಂದು ಫೋನು. ಆ ಸೀರಿಯಲ್ಲು ಹುಡುಕಿ ಕೊಡ್ತೀನಿ ಅಂತಾಳೆ ಮೊಮ್ಮಗಳು. ಬ್ಯಾಡ ಅಂದೆ. ಆಕಿ ಹುಡುಕಿ ಕೊಟ್ಟು ತನ್ನ ಫೋನು ಹಿಡಕೊಂಡು ಒಳಗ ಹೋಗ್ತಾಳೆ, ಮತ್ತ ನೋಡಾಕಿ ನಾನೊಬ್ಬಾಕಿನೇ. ಚಷ್ಮಾ ಹಾಕಿಕೊಂಡು ಪೇಪರು ಪೂರಾ ಓದುವಷ್ಟು ಅಕ್ಷರ ಈಗ ಬರುತ್ತವೆ. ಜೋರಾಗಿ ಓದಿದರೆ ಒಳಗಿಂದ "ಸಣ್ಣಕ ಓದ್ರಿ" ಅಂತಾಳೆ ಸೊಸಿ. ಆಕಿದು ತಪ್ಪಲ್ಲ, ಆಕಿಗೆ ಆಕಿ ಕೆಲಸ. ಖರೆ, ಒಂದು ಹಾಳಿ ಮುಗಿದಾಗ ಒಂದೀಟು ತಡೀತೇನೆ. ಬಾಜೂಕ ಯಾರೂ "ಮುಂದ?" ಅನ್ನೋದಿಲ್ಲ. ನಾನೇ ಹಾಳಿ ತಿರುವಿ ಹಾಕ್ತೇನೆ.